ಅಟ್ಯಾಚ್‌ಮೆಂಟ್ ಬಂತು, ಅದರ ತೂಕದ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಬಿತ್ತನೆ ಯಂತ್ರಕ್ಕೆ ಹಾಕುವ ಉಳುಮೆ ಅಟ್ಯಾಚ್‌ಮೆಂಟ್‌ಗಳ ಬಗ್ಗೆ ಆಗಾಗ ಓದುತ್ತೇನೆ. ಹಿಂದಿನ ಬೆಳೆಯ ಕೂಳೆ, ದಂಟು ಹೊಲದಲ್ಲೇ ಇರಲಿ, ಬೇರೆಯಾಗಿ ಉಳುವುದು ಬೇಡ, ಬಿತ್ತುವ ಸಾಲಿನಷ್ಟು ಅಗಲ ಮಣ್ಣು ಸಡಿಲಿಸಿದರೆ ಸಾಕು ಅನ್ನುವ ಬರಹಗಳು. ನನ್ನದೇನೂ ತಕರಾರಿಲ್ಲ. ತೇವ ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಮಣ್ಣು ಕೊಚ್ಚಿ ಹೋಗುವುದು ಕಡಿಮೆಯಾಗುತ್ತದೆ. ಆದರೆ ಜೊತೆಗೆ ಹಾಕುವ ಫೋಟೋದಲ್ಲಿ ಮೆಷಿನ್ ಯಾವಾಗಲೂ ಹೊಲದಲ್ಲಿ ಓಡುತ್ತಿರುತ್ತದೆ. ಆ ಡಿಸ್ಕು, ಚಕ್ರಗಳನ್ನು ಕೆಳಗೆ ಮಲಗಿ ಬಿಗಿದವನು ಎಲ್ಲೂ ಕಾಣುವುದಿಲ್ಲ. ನಾನು ಆ ಕೆಲಸದವನು. ಬಿತ್ತನೆ ಯಂತ್ರಗಳ ರಿಪೇರಿ ಮತ್ತು ಜೋಡಣೆಯೇ ನನ್ನ ಹೊಟ್ಟೆಪಾಡು. ನಿಮ್ಮ ಬರಹಗಳಲ್ಲಿ ಬಿಟ್ಟುಹೋಗುತ್ತಿರುವ ಅರ್ಧ ಭಾಗವನ್ನು ಬರೆಯೋಣ ಅಂತ ಕೂತಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೀಜ ಬೀಳುವ ಜಾಗದ ಮುಂದೆ ಹಲ್ಲಿನ ಚಕ್ರಗಳನ್ನು ಹಾಕುತ್ತಾರೆ, ಅವು ಕಸವನ್ನು ಅಕ್ಕಪಕ್ಕಕ್ಕೆ ಸರಿಸುತ್ತವೆ. ಅಲೆಅಲೆಯಾದ ಅಂಚಿರುವ ಕೋಲ್ಟರ್ ಡಿಸ್ಕು ಕೂಳೆಯನ್ನು ಕತ್ತರಿಸಿ, ಒಂದು ಪಟ್ಟಿಯಷ್ಟು ಮಣ್ಣನ್ನು ಸಡಿಲ ಮಾಡುತ್ತದೆ. ಹಿಂದೆ ಸಾಲು ಮುಚ್ಚುವ ಚಕ್ರಗಳು. ಇವೆಲ್ಲ ಮೆಷಿನ್ ಜೊತೆಗೇ ಬರುವುದೂ ಉಂಟು. ಹೆಚ್ಚಿನವರು ಆಮೇಲೆ ಬೇರೆ ಕಡೆಯಿಂದ ತಂದು ಹಾಕಿಸುತ್ತಾರೆ.

ತೊಂದರೆ ಶುರುವಾಗುವುದು ಈ 'ಆಮೇಲೆ'ಯಲ್ಲಿ. ಬಿತ್ತನೆ ಯಂತ್ರದ ಕೈಪಿಡಿ ಬಿತ್ತನೆ ಯಂತ್ರದ ಬಗ್ಗೆ ಮಾತ್ರ ಹೇಳುತ್ತದೆ. ಅಟ್ಯಾಚ್‌ಮೆಂಟಿನ ಚೀಟಿ ಯಾವ ಬೋಲ್ಟ್ ಯಾವ ತೂತಿಗೆ ಅಂತ ಮಾತ್ರ ಹೇಳುತ್ತದೆ. ಎರಡೂ ಸೇರಿದ ಮೇಲೆ ಆಗುವ ಮೂರನೇ ಮೆಷಿನ್ ಇದೆಯಲ್ಲ, ಅದರ ಕೈಪಿಡಿ ಯಾರ ಹತ್ತಿರವೂ ಇಲ್ಲ. ಅದರ ತೂಕ ಬೇರೆ, ಉದ್ದ ಬೇರೆ, ಎತ್ತಿದಾಗ ವಾಲುವ ರೀತಿಯೂ ಬೇರೆ. ಕಳೆದ ಹಂಗಾಮಿನಲ್ಲಿ ನನ್ನ ಕೈಗೆ ಬಂದ ಒಂದು ಡಬ್ಬಿಯಲ್ಲಿ ನಾಲ್ಕು ಸಾಲಿಗಾಗುವಷ್ಟು ಕಬ್ಬಿಣವಿತ್ತು, ಒಂದೇ ಒಂದು ಹಾಳೆಯಿತ್ತು, ಅದರಲ್ಲಿ ಬರೀ ಚಿತ್ರಗಳಿದ್ದವು. ಒಂದು ಸೆಟ್ಟಿನ ತೂಕ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ. 'ಹಾಕಿ ನೋಡಿ ಸಾರ್, ಏನೂ ಆಗಲ್ಲ' ಅಂದರು. ಕೊನೆಗೆ ತಕ್ಕಡಿ ತರಿಸಿ ನಾನೇ ತೂಗಿದೆ.

ತೂಕದ ಬಗ್ಗೆ ಇಷ್ಟೊಂದು ಯಾಕೆ ಗಲಾಟೆ ಅಂತೀರಾ? ಒಂದು ಸಾಲಿಗೆ 30 ಕಿಲೋ ಜಾಸ್ತಿಯಾಯಿತು ಅಂದುಕೊಳ್ಳಿ. ಆರು ಸಾಲಿನ ಮೆಷಿನ್‌ಗೆ 180 ಕಿಲೋ ಆಯಿತು. ಮೂರು ಪಾಯಿಂಟ್ ಲಿಂಕೇಜಿಗೆ, ಅಂದರೆ ಟ್ರ್ಯಾಕ್ಟರಿನ ಹಿಂದಿರುವ ಎತ್ತುವ ತೋಳುಗಳಿಗೆ, ತಗುಲಿಸಿದ ಮೆಷಿನ್ ಆದರೆ ಅಷ್ಟೂ ತೂಕ ಹಿಂದಿನ ಚಕ್ರದಿಂದ ಆಚೆಗೆ ನೇತಾಡುತ್ತದೆ. ಎತ್ತಿದ ಕೂಡಲೇ ಟ್ರ್ಯಾಕ್ಟರಿನ ಮೂತಿ ಹಗುರವಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಮುಂದಿನ ಚಕ್ರ ಮಾತು ಕೇಳುವುದಿಲ್ಲ. ಏರಿನಲ್ಲಿ ಮುಂಭಾಗ ಮೇಲೇಳುವುದೂ ಇದೆ. ಟ್ರ್ಯಾಕ್ಟರಿನ ಸ್ವಂತ ತೂಕದ ಕನಿಷ್ಠ ಶೇಕಡಾ 20ರಷ್ಟಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯಬೇಕು ಅನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಒಪ್ಪುವ ಲೆಕ್ಕ. ನೋಡುವುದು ಸುಲಭ. ಬೀಜದ ಡಬ್ಬಿ, ಗೊಬ್ಬರದ ಡಬ್ಬಿ ತುಂಬಿಸಿ, ಮೆಷಿನ್ ಎತ್ತಿ, ಮುಂದಿನ ಚಕ್ರ ಮಾತ್ರ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಕಡಿಮೆ ಬಂದರೆ ಮುಂದೆ ತೂಕದ ಬಿಲ್ಲೆ ಸೇರಿಸಿ. ಬಿಲ್ಲೆ ಹಾಕಿದರೂ ಸಾಲದು, ಇಲ್ಲವೇ ಟ್ರ್ಯಾಕ್ಟರಿನ ಮಿತಿ ದಾಟುತ್ತದೆ ಅಂದರೆ ಆ ಟ್ರ್ಯಾಕ್ಟರಿಗೆ ಆ ಮೆಷಿನ್ ಹೊಂದುವುದಿಲ್ಲ, ಅಷ್ಟೇ. ಡಬ್ಬಿ ಖಾಲಿ ಇಟ್ಟುಕೊಂಡು ತೂಗುವವರೂ ಇದ್ದಾರೆ. ಅದು ಸುಮ್ನೆ ಸಮಾಧಾನಕ್ಕೆ.

ಇನ್ನು ಜೋಡಿಸುವ ಕೆಲಸ. ಮೆಷಿನ್ ಎತ್ತದೆ ಕೆಳಗಿನ ಬೋಲ್ಟ್ ಸಿಗುವುದಿಲ್ಲ, ಆದ್ದರಿಂದ ಎತ್ತಲೇಬೇಕು. ಎತ್ತಿ ಹಿಡಿದಿರುವುದು ಏನು? ಪೈಪಿನೊಳಗಿನ ಒತ್ತಡದ ಎಣ್ಣೆ, ಅಂದರೆ ಹೈಡ್ರಾಲಿಕ್. ಪೈಪ್ ಒಡೆದರೆ, ಸೀಲ್ ಹೋದರೆ, ಯಾರೋ ಟ್ರ್ಯಾಕ್ಟರ್ ಹತ್ತುವಾಗ ಲಿವರಿಗೆ ಮೊಣಕಾಲು ತಾಗಿದರೆ ಮೆಷಿನ್ ಕೆಳಗೆ. ಇಂಜಿನ್ ಆಫ್ ಆಗಿದ್ದರೂ ಬೀಳುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಮೆಷಿನ್ ಎತ್ತುವ ಸಿಲಿಂಡರಿನ ರಾಡ್ ಮೇಲೆ ಕೂರುವ ಉಕ್ಕಿನ ಲಾಕ್ ಇದ್ದರೆ ಮೊದಲು ಅದನ್ನು ಹಾಕಬೇಕು. ಲಾಕ್ ಇದ್ದರೂ ಫ್ರೇಮಿನ ಕೆಳಗೆ, ತೂಕ ತಡೆಯುವ ಸ್ಟ್ಯಾಂಡ್ ಇಡಬೇಕು. ಜಾಕ್ ಎತ್ತುವುದಕ್ಕೆ ಇರುವುದು, ಹಿಡಿದುಕೊಂಡು ಕೂರುವುದಕ್ಕಲ್ಲ. ಟೊಳ್ಳು ಸಿಮೆಂಟ್ ಇಟ್ಟಿಗೆ ಇಡುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಗಟ್ಟಿ ಮರದ ದಿಮ್ಮಿ ಎಷ್ಟೋ ವಾಸಿ. ನೆಲವೂ ಗಟ್ಟಿ, ಮಟ್ಟಸ ಇರಬೇಕು. ಉತ್ತ ಹೊಲದಲ್ಲಿ ಸ್ಟ್ಯಾಂಡ್ ಇಟ್ಟರೆ ಅದು ಮಣ್ಣಿಗೆ ಇಳಿಯುತ್ತಾ ಹೋಗುತ್ತದೆ.

ನನ್ನ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಟ್ರ್ಯಾಕ್ಟರ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ಕೀ ನನ್ನ ಜೇಬಿಗೆ. ಮಾಲೀಕರಿಗೆ ಇದು ತಮಾಷೆ. 'ಟ್ರ್ಯಾಕ್ಟರ್ ಎತ್ತಿಕೊಂಡು ಓಡಿಹೋಗ್ತೀನಾ?' ಅಂತ ಒಬ್ಬರು ಕೇಳಿದ್ದರು. ಅವರು ಓಡಿಹೋಗದಿದ್ದರೂ, 'ಒಂಚೂರು ಮೇಲೆತ್ತಲಾ?' ಅಂತ ಹತ್ತಿ ಕೂರುವ ಉತ್ಸಾಹಿಗಳು ಎಲ್ಲ ಕಡೆಯೂ ಇರುತ್ತಾರೆ ಅಲ್ವಾ? ಹೈಡ್ರಾಲಿಕ್ ಪೈಪ್ ಬಿಚ್ಚಬೇಕಾದರೆ ಕ್ರಮ ಬೇರೆ. ಮೊದಲು ಮೆಷಿನ್ನನ್ನು ನೆಲಕ್ಕೋ ಸ್ಟ್ಯಾಂಡಿನ ಮೇಲೋ ಪೂರ್ತಿ ಇಳಿಸಬೇಕು. ಇಂಜಿನ್ ಆಫ್ ಮಾಡಿ ಲಿವರನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಬೇಕು. ಆಮೇಲೆ ಸ್ಪಾನರ್.

ಸ್ಪ್ರಿಂಗ್ ವಿಷಯ ಯಾರೂ ಹೇಳುವುದಿಲ್ಲ. ಪ್ರತಿ ಸಾಲಿನ ಯೂನಿಟ್ಟನ್ನೂ ನೆಲಕ್ಕೆ ಒತ್ತುವ ಸ್ಪ್ರಿಂಗ್‌ಗಳು ಎಳೆದುಕೊಂಡೇ ಇರುತ್ತವೆ. ಬ್ರ್ಯಾಕೆಟ್ ಕೂರಿಸಲು ಜಾಗ ಸಾಲದೆ ಅದನ್ನು ರಾಡ್ ಹಾಕಿ ಮೀಟಿದರೆ ರಾಡ್ ವಾಪಸ್ ಬರುವುದು ಮುಖಕ್ಕೆ. ಸೆಟ್ಟಿಂಗನ್ನು ಕನಿಷ್ಠಕ್ಕೆ ತಂದು, ಸರಿಯಾದ ಸಾಧನದಿಂದ ಬಿಚ್ಚಬೇಕು. ಗಾಳಿ ಚೀಲದಿಂದ ಒತ್ತುವ ಮೆಷಿನ್ ಆದರೆ ಗಾಳಿ ಪೂರ್ತಿ ಬಿಡಬೇಕು. ಯೂನಿಟ್ ಮೇಲೆ ಕೆಳಗೆ ಆಡುವ ತೋಳುಗಳ ಸಂದಿಗೆ ಬೆರಳು ಹೋದರೆ ಕತ್ತರಿಗೆ ಸಿಕ್ಕ ಹಾಗೆ.

ಬೋಲ್ಟಿನ ಬಗ್ಗೆ ನಾನು ಜಗಳಗಂಟ ಅಂತ ಹೆಸರು ತಗೊಂಡಿದ್ದೇನೆ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಅಚ್ಚು ಇರುತ್ತದೆ. ಅದು ಎಷ್ಟು ಬಲ ತಡೆಯುತ್ತದೆ ಅನ್ನುವುದರ ಗುರುತು. ಡಬ್ಬಿಯಲ್ಲಿ ಒಂದು ಬೋಲ್ಟ್ ಕಡಿಮೆ ಬಂತು ಅಂತ ಅದೇ ಉದ್ದದ, ಅಚ್ಚೇ ಇಲ್ಲದ ಮೆದು ಬೋಲ್ಟ್ ಹಾಕಿದರೆ ನೋಡಲು ಒಂದೇ ಥರ ಕಾಣುತ್ತದೆ. ಕಲ್ಲಿಗೆ ಬಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಇದಕ್ಕೆ ಉಲ್ಟಾ ತಪ್ಪೂ ಇದೆ. ತುಂಡಾಗಲೆಂದೇ ಇಟ್ಟಿರುವ ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತದೆ ಅಂತ ಅಲ್ಲಿ ಗಟ್ಟಿ ಬೋಲ್ಟ್ ಹಾಕುತ್ತಾರೆ. ಆಮೇಲೆ ಮುರಿಯುವುದು ಅದಕ್ಕಿಂತ ದೊಡ್ಡದು. ಯು ಬೋಲ್ಟ್ ಆದರೆ ಎರಡೂ ಕಡೆ ಸ್ವಲ್ಪ ಸ್ವಲ್ಪವೇ, ಸಮವಾಗಿ ಬಿಗಿಯಬೇಕು. ಎಷ್ಟು ಬಿಗಿ ಅನ್ನುವುದನ್ನು ತೋಳಿನ ಶಕ್ತಿಯಿಂದ ಅಳೆಯದೆ ಟಾರ್ಕ್ ಸ್ಪಾನರಿನಿಂದ ನೋಡಬೇಕು. ಹೊಸ ಪೇಂಟ್ ಕುಗ್ಗಿ ಬೋಲ್ಟ್ ಸಡಿಲವಾಗುವುದರಿಂದ ಹೊಲದಲ್ಲಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಈ ಎರಡನೇ ಬಿಗಿಗೆ ಬನ್ನಿ ಅಂದರೆ ಬರುವವರು ಬಹಳ ಕಡಿಮೆ.

ಬಿಗಿದಾದ ಮೇಲೆ ನೇರ ಹೊಲಕ್ಕಲ್ಲ. ಎಲ್ಲರನ್ನೂ ದೂರ ನಿಲ್ಲಿಸಿ, ಮೆಷಿನ್ನನ್ನು ನಿಧಾನಕ್ಕೆ ಪೂರ್ತಿ ಎತ್ತಿ, ಇಳಿಸಿ ನೋಡಬೇಕು. ಮಡಚುವ ಮೆಷಿನ್ ಆದರೆ ಮಡಚಿ, ಬಿಚ್ಚಿ. ಹೊಸ ಬ್ರ್ಯಾಕೆಟ್ ಪೈಪಿಗೆ ಉಜ್ಜುತ್ತದಾ, ಡಿಸ್ಕು ಟೈರಿಗೆ ತಾಗುತ್ತದಾ, ಚೈನಿಗೆ ಹಲ್ಲಿನ ಚಕ್ರ ಸಿಗುತ್ತದಾ. ಇದು ಆ ಮೂರನೇ ಮೆಷಿನ್ನಿನ ಪರೀಕ್ಷೆ, ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಉಜ್ಜುವ ಪೈಪ್ ಇವತ್ತೇ ಒಡೆಯುವುದಿಲ್ಲ, ಬಿತ್ತನೆಯ ಮಧ್ಯೆ ಒಡೆಯುತ್ತದೆ.

ಒಡೆದಾಗ ದಯವಿಟ್ಟು ಕೈಯಿಂದ ತಡವಬೇಡಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಸಾಮಾನ್ಯವಾಗಿ 150ರಿಂದ 200 ಬಾರ್ ಒತ್ತಡದಲ್ಲಿರುತ್ತದೆ. ಸೂಜಿಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮದೊಳಗೆ ಹೊಕ್ಕುತ್ತದೆ. ಮೊದಮೊದಲು ನೋವೂ ಜಾಸ್ತಿ ಇರುವುದಿಲ್ಲ, ಮುಳ್ಳು ಚುಚ್ಚಿದ ಗುರುತಿನ ಹಾಗಿರುತ್ತದೆ. ಅಲ್ಲೇ ಮೋಸ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿ ಎಣ್ಣೆ ತೆಗೆಯದಿದ್ದರೆ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು. ಆಸ್ಪತ್ರೆಗೆ ಹೋದಾಗ 'ಗಾಯ ಆಗಿದೆ' ಅಂದರೆ ಸಾಲದು, 'ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ' ಅಂತಲೇ ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ದೂರದಿಂದ ಪೈಪಿನ ಉದ್ದಕ್ಕೂ ಹಿಡಿಯಿರಿ, ಎಣ್ಣೆಯ ಕಲೆ ಬಿದ್ದಲ್ಲಿ ತೂತು. ಕಣ್ಣಿಗೆ ಕನ್ನಡಕ ಇರಲಿ.

ಹೊಲದಲ್ಲಿ ನಡೆಸುವವರಿಗೂ ಹೇಳುವುದಿದೆ. ತಪ್ಪು ಸೆಟ್ಟಿಂಗ್ ಬೆಳೆಗೆ ಮಾತ್ರ ನಷ್ಟ ಅಂದುಕೊಂಡಿದ್ದೇವೆ. ಹಲ್ಲಿನ ಚಕ್ರ ಕಸ ಸರಿಸಬೇಕು, ಮಣ್ಣು ಅಗೆಯಬಾರದು. ಕೋಲ್ಟರ್ ಡಿಸ್ಕು ಬೀಜದ ಆಳಕ್ಕಿಂತ ಒಂದು ಸೆಂಟಿಮೀಟರಿನಷ್ಟು ಮೇಲೆ ಓಡಬೇಕು. ಆಳಕ್ಕೆ ಬಿಟ್ಟರೆ ಬೀಜದ ಕೆಳಗೆ ಟೊಳ್ಳು ಉಳಿಯುತ್ತದೆ. ಅಷ್ಟೇ ಅಲ್ಲ, ಮೆಷಿನ್ನಿನ ತೂಕವನ್ನೆಲ್ಲ ಆ ಡಿಸ್ಕುಗಳೇ ಹೊತ್ತುಕೊಂಡು ಸಾಲು ಬಿಡಿಸುವ ಭಾಗ ಮೇಲೆ ತೇಲುತ್ತದೆ. ಆಗ ಏನು ಮಾಡುತ್ತಾರೆ? ಆಳ ಸರಿಪಡಿಸುವ ಬದಲು ಫ್ರೇಮಿನ ಮೇಲೆ ಮನುಷ್ಯರನ್ನು ಕೂರಿಸುತ್ತಾರೆ! ಒಂದು ಕುಲುಕಿಗೆ ಬಿದ್ದರೆ ಬೀಳುವುದು ತಿರುಗುವ ಡಿಸ್ಕಿನ ಹತ್ತಿರ. ಕಸ ಸಿಕ್ಕಿಕೊಂಡಾಗಲೂ ಹೀಗೇ. ಇಂಜಿನ್ ಓಡುತ್ತಿರುವಾಗಲೇ ಇಳಿದು ಕೈಯಿಂದ ಎಳೆಯುತ್ತಾರೆ. ಸವೆದ ಡಿಸ್ಕಿನ ಅಂಚು ಹೊಸದಕ್ಕಿಂತ ಹರಿತವಾಗಿರಬಹುದು, ದಪ್ಪ ಚರ್ಮದ ಕೈಗವಸು ಬೇಕೇ ಬೇಕು. ಟ್ರ್ಯಾಕ್ಟರಿನಿಂದ ಮೆಷಿನ್‌ಗೆ ಶಕ್ತಿ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಅಂಗಿಯ ತುದಿ ಸಿಕ್ಕರೆ ಬಿಡಿಸಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಜೋಡಿಸುವಾಗ ಅಡ್ಡ ಬಂತು ಅಂತ ಬಿಚ್ಚಿದ, ಶಾಫ್ಟ್ ಮುಚ್ಚುವ ಗಾರ್ಡುಗಳು ನನ್ನ ಶೆಡ್ಡಿನ ಮೂಲೆಯಲ್ಲೇ ರಾಶಿ ಬಿದ್ದಿವೆ. 'ಮತ್ತೆ ಹಾಕಿಕೊಂಡು ಹೋಗಿ' ಅಂದರೆ 'ಇರಲಿ ಬಿಡಿ' ಅಂತ ಹೊರಡುತ್ತಾರೆ. ಈಗ ಗಾರ್ಡ್ ಹಾಕದೆ ಕೀ ವಾಪಸ್ ಕೊಡುವುದಿಲ್ಲ.

ಹೊಲದ ತುದಿಯಲ್ಲಿ ತಿರುಗುವ ಮೊದಲು ಎತ್ತಬೇಕು, ಇಳಿಸಿಕೊಂಡು ರಿವರ್ಸ್ ಹೋಗಬಾರದು. ಔಷಧ ಲೇಪಿಸಿದ ಬೀಜಕ್ಕೆ ಬೇರೆ ಕೈಗವಸು, ಮುಖಕ್ಕೆ ಮಾಸ್ಕ್. ರಸ್ತೆಗೆ ಇಳಿಯುವ ಮುಂಚೆ, ಎತ್ತಿದ ಮೆಷಿನ್ ಕೆಳಗಿಳಿಯದಂತೆ ಹಿಡಿಯುವ ಸಾರಿಗೆ ಲಾಕ್ ಹಾಕಿ. ಹಿಂದಕ್ಕೆ ಚಾಚಿದ ಹೊಸ ಚಕ್ರಗಳು ಹಳೆಯ ರಿಫ್ಲೆಕ್ಟರನ್ನು ಮುಚ್ಚಿದ್ದರೆ ಅದನ್ನು ಆಚೆಗೆ ಸರಿಸಿ.

ಸಂಪಾದಕರೇ, ನಿಮ್ಮಿಂದ ಬೇಕಾಗಿರುವುದು ಸಣ್ಣದು. ಇನ್ನು ಮುಂದೆ ಇಂಥ ಅಟ್ಯಾಚ್‌ಮೆಂಟ್ ಬಗ್ಗೆ ಬರೆಸುವಾಗ ಇಳುವರಿಯ ಪಕ್ಕದಲ್ಲಿ ಅದರ ತೂಕವನ್ನೂ ಬರೆಸಿ. ಎಷ್ಟು ಶಕ್ತಿಯ ಟ್ರ್ಯಾಕ್ಟರಿಗೆ ಹೊಂದುತ್ತದೆ, ಮುಂದೆ ಎಷ್ಟು ತೂಕ ಹಾಕಬೇಕು ಅಂತ ಮಾರುವವರನ್ನೇ ಕೇಳಿಸಿ. ಉತ್ತರ ಬರದಿದ್ದರೆ ಬರಲಿಲ್ಲ ಅಂತಲೇ ಅಚ್ಚು ಹಾಕಿ. ಮಾರುವವರಿಗೂ ಒಂದು ಮಾತು: ಡಬ್ಬಿಯ ಮೇಲೆ ತೂಕ, ಒಳಗೆ ಕನ್ನಡದ ಚೀಟಿ, ಸಿಲಿಂಡರ್ ಲಾಕ್ ಇಲ್ಲದ ಮೆಷಿನ್ ಆದರೆ ಅದರ ಜೊತೆಗೆ ಒಂದು ಲಾಕ್ ಕೊಡಿ. ಇವಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮತ್ತೆ ಗಾರ್ಡ್ ಇಲ್ಲದ ಶಾಫ್ಟ್, ಫ್ರೇಮಿನ ಮೇಲೆ ಕೂತ ಜನ ಇರುವ ಫೋಟೋ ಬಂದರೆ ಎಷ್ಟೇ ಚೆನ್ನಾಗಿದ್ದರೂ ಹಾಕಬೇಡಿ. ನೋಡಿದವರು ಅದನ್ನೇ ಸರಿ ಅಂದುಕೊಳ್ಳುತ್ತಾರೆ, ಮಾರನೇ ದಿನ ಪೇಪರ್ ಹಿಡಿದುಕೊಂಡು ನನ್ನ ಹತ್ತಿರ ಬಂದು 'ಇವರಿಗೇನೂ ಆಗಿಲ್ಲವಲ್ಲ' ಅಂತಾರೆ.

ಇಂತಿ,
ಒಬ್ಬ ಕೃಷಿ ಯಂತ್ರ ಮೆಕ್ಯಾನಿಕ್