ಆ ರಾತ್ರಿ ಕೂತವನಿಗೆ, ಮತ್ತು ನಿಮ್ಮೆಲ್ಲರಿಗೆ

ನಮ್ಮ ಯಜಮಾನರು ಕಳೆದ ತಿಂಗಳ ಕೊನೆಯ ದಿನ ಕೆಪಿಸಿಯಿಂದ (ಕರ್ನಾಟಕ ಪವರ್ ಕಾರ್ಪೊರೇಷನ್) ನಿವೃತ್ತರಾದರು. ಅಂಬಿಕಾನಗರದ ಕ್ವಾರ್ಟರ್ಸ್ ಬಿಟ್ಟು ಧಾರವಾಡದ ನಮ್ಮ ಮನೆಗೆ ಬಂದಿದ್ದೇವೆ. ಬೀಳ್ಕೊಡುಗೆಯ ದಿನ ಅವರು ಯಾರ ಹೆಗಲನ್ನೂ ಹಿಡಿಯದೆ ನಾಗಝರಿ ಪವರ್ ಹೌಸ್ ಒಳಗೆ ನಡೆದು ಹೋದರು. ಈ ಮಳೆಗಾಲದಲ್ಲಿ ಒಂದು ರಾತ್ರಿ ಅವರ ಆರೋಗ್ಯ ಕೆಟ್ಟು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಬೇಕಾಯಿತು ಅಂತ ನಿಮಗೆಲ್ಲ ಗೊತ್ತು, ಕಾಯಿಲೆಯ ಮಾತು ಮತ್ತೆ ಬರೆಯುವುದಿಲ್ಲ. ಧನ್ಯವಾದ ಹೇಳುವುದು ಬಾಕಿ ಇತ್ತು. ಅದಕ್ಕೇ ಈ ಬರಹ.

ಮೊದಲು ಅವರ ಕೆಲಸದ ಬಗ್ಗೆ ಸ್ವಲ್ಪ. ನಮ್ಮ ಓಣಿಯವರಿಗೆ ಕೆಪಿಸಿ, ಕೆಇಬಿ, ಹೆಸ್ಕಾಂ ಎಲ್ಲ ಒಂದೇ. ಕರೆಂಟ್ ಹೋದರೆ ಇವರನ್ನೇ ಕೇಳುತ್ತಾರೆ. ಮನೆಮನೆಗೆ ಕರೆಂಟ್ ಕೊಡೋದು ಹೆಸ್ಕಾಂ, ಅದರ ಮುಖ್ಯ ಆಫೀಸು ನಮ್ಮ ಹುಬ್ಬಳ್ಳಿಯ ನವನಗರದಲ್ಲೇ ಇದೆ. ದೊಡ್ಡ ಲೈನುಗಳಲ್ಲಿ ತಂದು ಮುಟ್ಟಿಸೋದು ಕೆಪಿಟಿಸಿಎಲ್. ಕೆಪಿಸಿ ಮಾಡೋದು ಅದಕ್ಕೂ ಮುಂಚಿನ ಕೆಲಸ, ಕರೆಂಟ್ ಹುಟ್ಟಿಸೋದು. 1970ರಿಂದ ರಾಜ್ಯ ಸರಕಾರದ ಈ ಕಂಪನಿ ಅದನ್ನೇ ಮಾಡಿಕೊಂಡು ಬಂದಿದೆ.

ಇವರು ಕೆಲಸಕ್ಕೆ ಸೇರಿದ್ದು ರಾಯಚೂರಿನ ಶಕ್ತಿನಗರದಲ್ಲಿ. ಕೃಷ್ಣಾ ನದಿಯ ದಂಡೆ, ಎಂಟು ಯೂನಿಟ್ (ಕರೆಂಟ್ ಹುಟ್ಟಿಸೋ ಯಂತ್ರ) ಸೇರಿ 1720 ಮೆಗಾವ್ಯಾಟ್. ಕಲ್ಲಿದ್ದಲಿನ ಯೂನಿಟ್ ತಣ್ಣಗಾದರೆ ಮತ್ತೆ ಚಾಲೂ ಆಗೋದಕ್ಕೆ ತಾಸುಗಟ್ಟಲೆ ಬೇಕು. ಅಂಥ ದಿನ ಊಟದ ಡಬ್ಬಿ ಹೋದ ಹಾಗೇ ವಾಪಸ್ ಬರುತ್ತಿತ್ತು. ಆಮೇಲೆ ನಾಗಝರಿಗೆ ವರ್ಗವಾಯಿತು. ನೀರಿನ ಯೂನಿಟ್ ಹಾಗಲ್ಲ, ಕೆಲವೇ ನಿಮಿಷಗಳಲ್ಲಿ ಕರೆಂಟ್ ಕೊಡುತ್ತದೆ. ಹಂಗಾಗಿ ಊರವರೆಲ್ಲ ಸಂಜೆ ದೀಪ ಹಚ್ಚೋ ಹೊತ್ತಿಗೆ ಇವರಿಗೆ ಕೆಲಸ ಜಾಸ್ತಿ. ಮನೆಯ ದೀಪ ನಾನೊಬ್ಬಳೇ ಹಚ್ಚಿದ ಸಂಜೆಗಳೇ ಹೆಚ್ಚು.

ಆ ರಾತ್ರಿಗೆ ಬರುತ್ತೇನೆ. ಎದುರು ಕ್ವಾರ್ಟರ್ಸಿನ ಹುಡುಗ, ಇವರ ಕೈಕೆಳಗೆ ಕೆಲಸ ಕಲಿತ ಆಪರೇಟರ್. ಹೆಸರು ಬರೆಯುವುದಿಲ್ಲ, "ನನ್ನ ಹೆಸರು ಗಿಸರು ಹಾಕಬ್ಯಾಡ್ರಿ ಅಕ್ಕಾರ" ಅಂತ ಖಡಕ್ಕಾಗಿ ಹೇಳಿದ್ದಾನೆ. ಸೆಕೆಂಡ್ ಶಿಫ್ಟ್ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ. ನಾನು ಬಾಗಿಲು ಬಡಿದಾಗ ಕೈಯಲ್ಲಿ ತುತ್ತು ಇತ್ತು. ಕೈ ತೊಳೆದವನೇ ಗಾಡಿ ತೆಗೆದ. ಕಾಡಿನ ರಸ್ತೆ, ಜಡಿಮಳೆ. ದಾಂಡೇಲಿ ದಾಟೋ ಮುಂಚೆ ಒಂದು ಕಡೆ ಮರದ ಟೊಂಗೆ ಅಡ್ಡ ಬಿದ್ದಿತ್ತು. ಹೆಡ್‌ಲೈಟ್ ಹಾಕಿಟ್ಟು, ಇಳಿದು ಒಬ್ಬನೇ ಎಳೆದು ಬದಿಗೆ ಹಾಕಿದ. ಹಳಿಯಾಳ, ಧಾರವಾಡ, ಹುಬ್ಬಳ್ಳಿ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಸರ್, ಕಣ್ಣು ಮುಚ್ಚಬ್ಯಾಡ್ರಿ, ನನ್ನ ಜೋಡಿ ಮಾತಾಡ್ರಿ."

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರಕೊಂಡು ಹೋದರು. ಬಾಗಿಲು ಮುಚ್ಚಿತು. ಅವನು ಬೇಕಿದ್ದರೆ ಅಲ್ಲಿಂದಲೇ ವಾಪಸ್ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಹೋಗಲಿಲ್ಲ.

ಪವರ್ ಹೌಸಿನಲ್ಲಿ ತಾಸಿಗೊಮ್ಮೆ ರೀಡಿಂಗ್ ತೆಗೆದು ಲಾಗ್ ಶೀಟಿನಲ್ಲಿ ಬರೆಯಬೇಕು. ಲೋಡ್ ಎಷ್ಟು, ಬೇರಿಂಗ್ ಟೆಂಪರೇಚರ್ ಎಷ್ಟು, ಎಲ್ಲ. ಈ ಹುಡುಗ ಅವತ್ತು ಔಷಧಿ ಅಂಗಡಿಯ ಬಿಲ್ಲು ತಿರುಗಿಸಿ, ಅದರ ಹಿಂದೆ ಗೆರೆ ಹೊಡೆದು ಟೇಬಲ್ ಮಾಡಿಕೊಂಡ. ತಾಸಿಗೊಮ್ಮೆ ಬಾಗಿಲ ಹತ್ತಿರ ಹೋಗಿ ಸಿಸ್ಟರನ್ನು ಕೇಳೋದು, ಬಂದು ಬರೆಯೋದು. ಬಿಪಿ, ನಾಡಿ, ಆಕ್ಸಿಜನ್. ಕೊನೆಯ ಕಾಲಮ್ಮಿಗೆ "ಷರಾ" ಅಂತ ಹೆಸರು. ಎರಡು ಗಂಟೆಯ ಷರಾ, "ನೀರು ಕೇಳಿದರು". ನಾಲ್ಕಕ್ಕೆ, "ಅಕ್ಕಾರ ಎಲ್ಲಿ ಅಂದರು". ನಾನು ಅಳಲಿಕ್ಕೆ ಶುರು ಮಾಡಿದಾಗೆಲ್ಲ ಆ ಚೀಟಿಯನ್ನೇ ಮುಂದೆ ಹಿಡಿಯುತ್ತಿದ್ದ. "ನೋಡ್ರಿ ಇಲ್ಲೆ, ಹಿಂದಿನ ತಾಸಿಗಿಂತ ಛಲೋ ಐತಿ." ಸಮಾಧಾನದ ಮಾತು ಬೇರೆ ಒಂದೂ ಆಡಲಿಲ್ಲ. ನನಗೂ ಅದಕ್ಕಿಂತ ಬೇರೆ ಬೇಕಾಗಿರಲಿಲ್ಲ.

ಮೂರು ಗಂಟೆ ಸುಮಾರಿಗೆ ಸಹಿ ಹಾಕಲಿಕ್ಕೆ ಕರೆದರು. ಆ ಕಾಗದದಲ್ಲಿ ಏನಿತ್ತು ಅಂತ ಇವತ್ತಿಗೂ ನೆನಪಾಗುವುದಿಲ್ಲ. ಸಹಿ ಹಾಕಿ ಹೊರಗೆ ಬಂದು ನೆಲದ ಮೇಲೇ ಕೂತುಬಿಟ್ಟೆ. ನನಗೆ ಸಿಟ್ಟು ಬಂದಿತ್ತು. ಸಿದ್ಧಾರೂಢ ಅಜ್ಜನ ಮೇಲೂ ಸಿಟ್ಟು ಬಂದಿತ್ತು. ನಿನ್ನ ಊರಿಗೇ ಬಂದು ಕೂತಿದ್ದೀನಿ, ಇಷ್ಟು ವರ್ಷ ಇವರ ನೈಟ್ ಡ್ಯೂಟಿ ಕಾಯ್ದವಳು ನಾನು, ನಿವೃತ್ತಿಯ ಹೊಸ್ತಿಲಲ್ಲಿ ಹಿಂಗ ಮಾಡಬೇಡ ಅಂತ ಗಟ್ಟಿಯಾಗಿಯೇ ಅಂದೆ. ಇವರಿಲ್ಲದ ಮನೆ ಕಣ್ಣಿಗೆ ಕಟ್ಟಿತು. ಅದರ ಬಗ್ಗೆ ಇನ್ನೂ ಬರೆಯಲಾರೆ.

ಆಗ ಅವನಿಗೆ ಹೇಳಿದೆ, ಏನರೆ ಮಾತಾಡಪ್ಪ, ಸುಮ್ನೆ ಕೂಡಬ್ಯಾಡ ಅಂತ. ಅವನಿಗೆ ಗೊತ್ತಿರೋದು ಪವರ್ ಹೌಸಿನ ಮಾತು. ಅದನ್ನೇ ಹೇಳಿದ. ಕಾಳಿ ನದಿಯ ಸೂಪಾ ಡ್ಯಾಮಿನ ನೀರು ಅಲ್ಲೇ ಬುಡದಲ್ಲಿ ಒಮ್ಮೆ ಕರೆಂಟ್ ಕೊಡುತ್ತದೆ, 100 ಮೆಗಾವ್ಯಾಟ್. ಆಮೇಲೆ ಬೊಮ್ಮನಹಳ್ಳಿಗೆ ಬಂದು, ಸುರಂಗ ಹೊಕ್ಕು ನಾಗಝರಿಗೆ ಇಳಿಯುತ್ತದೆ. ಅಲ್ಲಿ ಆರು ಯೂನಿಟ್, 900 ಮೆಗಾವ್ಯಾಟ್. ಅದೇ ನೀರು ಮುಂದೆ ಕೊಡಸಳ್ಳಿಯಲ್ಲಿ ಇನ್ನೊಮ್ಮೆ, ಕದ್ರಾದಲ್ಲಿ ಮತ್ತೊಮ್ಮೆ ಯೂನಿಟ್ ತಿರುಗಿಸಿ ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. "ಒಂದ ನೀರು ಅಕ್ಕಾರ, ನಾಕ ಕಡೆ ದುಡಿತೈತಿ." ಅಷ್ಟು ವರ್ಷ ಆ ಕಾಲನಿಯಲ್ಲಿದ್ದರೂ ಇದನ್ನ ಯಾರೂ ನನಗೆ ಹೀಗೆ ಕೂಡಿಸಿ ಹೇಳಿರಲಿಲ್ಲ. ಕೇಳುತ್ತಾ ಕೇಳುತ್ತಾ ನನ್ನ ಉಸಿರು ಹದಕ್ಕೆ ಬಂತು.

ಬೆಳಿಗ್ಗೆ ನಮ್ಮ ತಮ್ಮ ಗದಗಿನಿಂದ ಬಂದ. ಈ ಹುಡುಗ ಎದ್ದು ನಿಂತು, ಆ ಚೀಟಿಯನ್ನು ಅವನ ಕೈಗೆ ಕೊಟ್ಟು, ಮೊದಲಿನಿಂದ ಕೊನೆಯ ತನಕ ಒಂದೊಂದೇ ಸಾಲು ಓದಿ ಹೇಳಿದ. ಯಾವ ಔಷಧಿ ತಂದಾಯಿತು, ಯಾವುದು ಬಾಕಿ, ಯಾವ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ. ಶಿಫ್ಟ್ ಚಾರ್ಜ್ ಕೊಡೋದು ಅಂದರೆ ಅದು. ಅದಾದ ಮೇಲೆಯೇ ಹೋಗಿ ಚಹಾ ಕುಡಿದ. ಆ ಚೀಟಿ ನನ್ನ ಹತ್ತಿರ ಇದೆ. ಯಜಮಾನರು ಅದನ್ನ ಓದಿ, "ಎಂಟ್ರಿ ಒಂದೂ ತಪ್ಪಿಲ್ಲ ನೋಡ" ಅಂದರು. ಅವರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ.

ತಮ್ಮಾ, ನಿನ್ನ ಋಣ ತೀರಿಸೋ ಮಾತು ನಾನು ಆಡುವುದಿಲ್ಲ. ನಮ್ಮ ಮನೆಯಲ್ಲಿ ನೀನು ಮಗನೇ. ಅಷ್ಟು ತಿಳಿದಿರು.

ಡಾಕ್ಟರುಗಳಿಗೆ, ಸಿಸ್ಟರುಗಳಿಗೆ, ಮಾಳಮಡ್ಡಿಯಿಂದ ದಿನಾ ರೊಟ್ಟಿ-ಪಲ್ಯ ಕಳಿಸಿದ ನಾದಿನಿಗೆ, ಡ್ಯೂಟಿ ಅದಲು ಬದಲು ಮಾಡಿಕೊಂಡ ಕಂಟ್ರೋಲ್ ರೂಮಿನವರಿಗೆ, ನಮ್ಮ ತುಳಸಿಗೆ ನೀರು ಹಾಕಿದ ಕಾಲನಿಯ ಅಕ್ಕಂದಿರಿಗೆ, ಶಕ್ತಿನಗರದಿಂದ ಫೋನ್ ಮಾಡಿ ಮಾಡಿ ವಿಚಾರಿಸಿದ ಹಳೆಯ ಗೆಳೆಯರಿಗೆ ಕೈ ಮುಗಿಯುತ್ತೇನೆ.

ಯಜಮಾನರು ಈಗ ಬೆಳಿಗ್ಗೆ ಕೆಲಗೇರಿ ಕೆರೆಯ ತನಕ ನಡೆಯುತ್ತಾರೆ. ರಾತ್ರಿ ಪೂರ್ತಿ ನಿದ್ದೆ ಮಾಡುವುದನ್ನು ಹೊಸದಾಗಿ ರೂಢಿ ಮಾಡಿಕೊಳ್ಳುತ್ತಿದ್ದಾರೆ.

ಇನ್ನೊಂದು ಮಾತು. ಮನೆಯಲ್ಲಿ ಒಂದು ಸಣ್ಣ ಪೂಜೆ, ಹೋಳಿಗೆ ಊಟ ಇಟ್ಟುಕೊಳ್ಳಬೇಕು ಅಂತಿದ್ದೇವೆ. ಅಂಬಿಕಾನಗರದವರು ಯಾರಾದರೂ ಈ ಹುಡುಗನ ವೀಕ್ಲಿ ಆಫ್ ಯಾವತ್ತು ಅಂತ ನನಗೆ ತಿಳಿಸಿ. ಅವನನ್ನ ಕೇಳಿದರೆ ಹೇಳುವುದಿಲ್ಲ. ಗೊತ್ತಾದ ಕೂಡಲೇ ದಿನ ಗಟ್ಟಿ ಮಾಡಿ ಎಲ್ಲರಿಗೂ ಫೋನ್ ಮಾಡುತ್ತೇನೆ.