ಭಾವನಿಗೆ, ಆಮೇಲೆ ಉಳಿದವರಿಗೆಲ್ಲ

ಕಳೆದ ಭಾನುವಾರ ಅಮ್ಮ ಅಡುಗೆಮನೆಯ ಹಲಗೆ ಮೇಲೆ ಮತ್ತೆ ಬರೆದಳು. ಎಡಗೈಯಲ್ಲಿ. ಪೂರ್ತಿ ಸಾಲಲ್ಲ, 'ಬೆಳಗಾಗಿ ನಾನೆದ್ದು' ಎನ್ನುವಷ್ಟೇ. 'ಗಾ'ದ ದೀರ್ಘ ಬಿಟ್ಟುಹೋಗಿದೆ, 'ದ್ದು'ವಿನ ಒತ್ತು ಪಕ್ಕದ ಜಾಗಕ್ಕೆ ಹೋಗಿ ಕೂತಿದೆ. ನಾನಾದರೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೇನು. ಅವಳಿಗೇ ತಿದ್ದಲು ಕೊಟ್ಟಿದ್ದರೆ ಎರಡು ಕೊಟ್ಟು ಇನ್ನೊಮ್ಮೆ ಬರಿ ಅನ್ನುತ್ತಿದ್ದಳು. ಅದನ್ನು ನೋಡಿದ ಮೇಲೆ, ಇಷ್ಟು ತಿಂಗಳು ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ಮುಂದೂಡುತ್ತಿದ್ದ ಈ ಪತ್ರವನ್ನು ಬರೆದೇ ಮುಗಿಸಬೇಕು ಅನ್ನಿಸಿತು.

ಅಮ್ಮ ಆಸ್ಪತ್ರೆ ಸೇರಿದ್ದು, ಮಾತು ಕಳೆದುಕೊಂಡದ್ದು, ಅದು ಯಾವಾಗಾಯಿತು, ಯಾರು ಏನಂದರು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಎಷ್ಟೋ ಜನ ನನಗಿಂತ ಚೆನ್ನಾಗಿ ವಿವರಿಸಬಲ್ಲಿರಿ. ಹಾಗಾಗಿ ಅದನ್ನು ಬಿಡುತ್ತೇನೆ.

ಹಲಗೆಯ ವಿಷಯ ಮಾತ್ರ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಅಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪ್ರೈಮರಿ ಟೀಚರ್ ಆಗಿ ನಿವೃತ್ತಳಾದವಳು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ಮನೆಯಲ್ಲೇ ಒಂದು ಪುಟ್ಟ ಕರಿಹಲಗೆ ತೂಗುಹಾಕಿಕೊಂಡು, ದಿನಾ ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಒಂದು ಸಾಲು ಪದ್ಯ ಬರೆಯುತ್ತಿದ್ದಳು. ಅದು ಸುಭಾಷಿತವಲ್ಲ, ಆ ದಿನದ ಸುದ್ದಿಗೆ ಅವಳ ಷರಾ. ಮಗಳಿಗೆ ಪರೀಕ್ಷೆ ಇದ್ದರೆ ಕನಕದಾಸರ 'ತಲ್ಲಣಿಸದಿರು ಕಂಡ್ಯ ತಾಳು ಮನವೇ'. ಕರೆಂಟ್ ಬಿಲ್ ಬಂದರೆ ಬೇಂದ್ರೆಯವರ 'ಕುರುಡು ಕಾಂಚಾಣ'. ನಾನು ಕಾಲೇಜಿನಿಂದ ಬಂದು ಸಹೋದ್ಯೋಗಿಗಳ ಮೇಲೆ ದೂರು ಸುರಿದ ಮಾರನೆಯ ದಿನ ತಪ್ಪದೆ ಬಸವಣ್ಣನವರ 'ಲೋಕದ ಡೊಂಕ ನೀವೇಕೆ ತಿದ್ದುವಿರಿ'. ಅಕ್ಕನ ಮಗಳು ಹುಟ್ಟಿ ಮನೆಯೆಲ್ಲ ಅಸ್ತವ್ಯಸ್ತವಾಗಿದ್ದಾಗ ಜಾನಪದ ತ್ರಿಪದಿಯ 'ಅತ್ತಾರೆ ಅಳಲವ್ವ ಈ ಕೂಸು ನನಗಿರಲಿ'. ಅದರ ಕೆಳಗೆ ಸಿಂಕಿನಲ್ಲಿ ತೊಳೆಯದ ಪಾತ್ರೆಗಳ ರಾಶಿ, 'ಕೆಟ್ಟರೆ ಕೆಡಲಿ ಮನೆಗೆಲಸ' ಎಂಬುದಕ್ಕೆ ಸಾಕ್ಷಿಯ ಹಾಗೆ. ಅವಳಿಗೆ ಅತಿ ಇಷ್ಟವಾದ 'ನೀ ಹೀಂಗ ನೋಡಬ್ಯಾಡ ನನ್ನ' ಮಾತ್ರ ಒಂದು ದಿನವೂ ಹಲಗೆಗೆ ಬರಲಿಲ್ಲ. ಸಾಯುತ್ತಿರುವ ಮಗುವಿನ ಮುಂದೆ ಗಂಡ ಹೆಂಡತಿಗೆ ಹೇಳುವ ಪದ್ಯ ಅದು. 'ಅದನ್ನ ಒಗ್ಗರಣೆ ಹಾಕ್ತಾ ಓದಬಾರದು' ಅನ್ನುತ್ತಿದ್ದಳು.

ಇಂಥವಳ ಬಾಯಿಂದ ಪದಗಳು ಹೋಗಿಬಿಟ್ಟವು. ನೀರು ಬೇಕಾದರೆ 'ಚಮಚ' ಅನ್ನುತ್ತಿದ್ದಳು. ಚಮಚ ಕೊಟ್ಟರೆ ಎಸೆಯುತ್ತಿದ್ದಳು. ಅದು ತಪ್ಪು ಪದ ಎಂದು ಅವಳಿಗೆ ಗೊತ್ತಾಗುತ್ತಿತ್ತು, ನಮಗೆ ನೋಡಲು ಆಗದೇ ಇದ್ದದ್ದು ಅದು.

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಅಕ್ಕನ ಗಂಡ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್, ಬೆಂಗಳೂರು–ಶಿವಮೊಗ್ಗ ರೂಟು. ಕವಿತೆಗೂ ಅವರಿಗೂ ಸಂಬಂಧವಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ನಮ್ಮ ಮನೆಗೆ ಬಂದಾಗ ಹಲಗೆ ಓದಿ, 'ಇವತ್ತೇನು ಅತ್ತೆ, ಯಾರಿಗೆ ಬೈದಿದೀರಿ?' ಎಂದು ಕೇಳಿ ಕಾಫಿ ಕುಡಿದು ಹೋಗುವವರು. ಆ ರಾತ್ರಿ, ಯಾವ ರಾತ್ರಿ ಎಂದು ಹತ್ತಿರದವರಿಗೆ ಗೊತ್ತು, ಡ್ಯೂಟಿ ಇಳಿದು ಖಾಕಿಯಲ್ಲೇ ಆಸ್ಪತ್ರೆಗೆ ಬಂದರು. ಅಮ್ಮನಿಗೆ ನಿದ್ದೆ ಇಲ್ಲ, ಭಯ, ಮೂಗಿನ ನಳಿಕೆಯನ್ನು ಕಿತ್ತುಹಾಕಲು ಮತ್ತೆ ಮತ್ತೆ ಕೈ ಹೋಗುತ್ತಿತ್ತು. ಕೈ ಕಟ್ಟಬೇಕಾಗಬಹುದು ಅಂದರು. ಭಾವ, 'ಕಟ್ಟೋದು ಬೇಡ ಸಿಸ್ಟರ್, ನಾನು ಹಿಡ್ಕೊಂಡು ಕೂತಿರ್ತೀನಿ' ಅಂದು ಸ್ಟೂಲ್ ಎಳೆದುಕೊಂಡು ಕೂತರು. ಬೆಳಗಾಗುವವರೆಗೂ ಕೂತಿದ್ದರು.

ಅದಕ್ಕೂ ಮುಂಚೆ ನಾನು ನನ್ನ ಕೈಲಾದದ್ದನ್ನು ಮಾಡಿದ್ದೆ. ಕನ್ನಡ ಪಾಠ ಮಾಡುವವಳು ನಾನು, ಇಂಥ ಹೊತ್ತಿಗೆ ಹೇಳಲು ಪದ್ಯಗಳಿಗೇನು ಬರ? ಅಮ್ಮನ ಕಿವಿಯ ಹತ್ತಿರ 'ತಲ್ಲಣಿಸದಿರು' ಹಾಡಿದೆ. ಬೆಟ್ಟದ ತುದಿಯ ಮರಕ್ಕೆ ನೀರೆರೆದವರು ಯಾರು ಎಂದು ಕನಕದಾಸರು ಕೇಳುವಲ್ಲಿಗೆ ಬರುವಷ್ಟರಲ್ಲಿ ಅಮ್ಮ ಮುಖ ಆ ಕಡೆಗೆ ತಿರುಗಿಸಿದ್ದಳು. ಈಗ ಯೋಚಿಸಿದರೆ ಅವಳು ತಿರುಗಿಸಿದ್ದೇ ಸರಿ. ತಲ್ಲಣಿಸುತ್ತಿದ್ದದ್ದು ನಾನು. ಆ ಪದ್ಯವನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಅವಳನ್ನು ನೆಪ ಮಾಡಿಕೊಂಡು.

ಭಾವನಿಗೆ ಬರುತ್ತಿದ್ದದ್ದು ಒಂದೇ ಪದ್ಯ. ನಾಲ್ಕನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಡಿದ್ದರಂತೆ, ಇವರು ಇಲಿ. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಜರ್ಮನ್ ಊರಿನ ಕಥೆಯನ್ನು ಕುವೆಂಪು ಎತ್ತಿ ತಂದು ತುಂಗೆಯ ದಡದಲ್ಲಿ ಇಳಿಸಿದ ಪದ್ಯ. ನಮ್ಮ ಕಡೆಯ ಮಕ್ಕಳಿಗೆ ಅದು ಹೊರಗಿನದು ಅಂತ ಯಾವತ್ತೂ ಅನ್ನಿಸಿಲ್ಲ. ಮಾತಾಡಿ ಮಾತಾಡಿ ಆಡಲು ಏನೂ ಉಳಿಯದೆ ಹೋದಾಗ ಭಾವ 'ತುಂಗಾ ತೀರದ ಬಲಗಡೆಯಲ್ಲಿ' ಅಂತ ಶುರು ಮಾಡಿದರು. ರಾಗವಿಲ್ಲ, ಭಾವಾಭಿನಯವಿಲ್ಲ. ಸ್ಟಾಪ್ ಕೂಗುವ ದನಿ. ಮರೆತುಹೋದ ಕಡೆ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಮರೆತ ಸಾಲಿನ ಜಾಗಕ್ಕೆ ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ ಎಲ್ಲ ಸೇರಿಸಿ ಅದೇ ಲಯದಲ್ಲಿ ಹೇಳಿಕೊಂಡು ಹೋದರು. ಭದ್ರಾವತಿ ಮುಟ್ಟಿದ ಮೇಲೆ ಮತ್ತೆ ತುಂಗಾ ತೀರದಿಂದ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅಮ್ಮನ ಕೈ ಕಿತ್ತುಕೊಳ್ಳುವುದು ನಿಧಾನವಾಗಿ ಕಡಿಮೆಯಾಯಿತು. ನಿದ್ದೆ ಬರಲಿಲ್ಲ, ಆದರೆ ಕಣ್ಣು ಅವರ ಬಾಯಿಯ ಮೇಲೆ ನೆಟ್ಟಿತ್ತು.

ನಡುರಾತ್ರಿ ದಾಟಿದ ಮೇಲೆ ಒಮ್ಮೆ ಅವರು ನೀರು ಕುಡಿಯಲು ಹೊರಗೆ ಬಂದರು. ನಾನು ಅವರಿಗೆ ಒಂದು ಮಾತು ಹೇಳಿದೆ. ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅಮ್ಮ ಹೀಗೆ ಇರುವುದಕ್ಕಿಂತ ಇವತ್ತೇ ಹೋಗಿಬಿಡಲಿ ಭಾವ, ಅಂದೆ. ಜೋರಾಗಿಯೇ ಅಂದೆ. ಪದ್ಯವಿಲ್ಲದ ಅಮ್ಮ ನನಗೆ ಬೇಡವಾಗಿದ್ದಳು, ಸತ್ಯ ಹೇಳುತ್ತೇನೆ. ಅವರು ಬೈಯಲಿಲ್ಲ, ಹಾಗನ್ನಬಾರದು ಅಂತಲೂ ಅನ್ನಲಿಲ್ಲ. 'ನಿಂಗೆ ನಿದ್ದೆ ಇಲ್ಲ ಕಣಮ್ಮ. ಹೋಗಿ ಆ ಬೆಂಚ್ ಮೇಲೆ ಮಲ್ಕೋ. ಬೆಳಿಗ್ಗೆ ಡಾಕ್ಟ್ರು ಬಂದಾಗ ಮಾತಾಡೋಕೆ ನೀನೇ ಬೇಕು' ಅಂದು ಒಳಗೆ ಹೋದರು. ಆಮೇಲೆ ಆ ಮಾತನ್ನು ಇವತ್ತಿನವರೆಗೂ ಎತ್ತಿಲ್ಲ.

ಬೆಂಚಿನ ಮೇಲೆ ಮಲಗಿದವಳಿಗೆ ಜಿ.ಎಸ್. ಶಿವರುದ್ರಪ್ಪನವರ ಹಣತೆಯ ಪದ್ಯ ನೆನಪಾಯಿತು. ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ದೀಪಾವಳಿ ಬಂದರೆ ಎಲ್ಲರ ಫೋನಿಗೂ ಶುಭಾಶಯದ ಜೊತೆ ಬರುವ ಪದ್ಯವೂ ಹೌದು, ಆದರೆ ಹಾಗೆ ಕಳಿಸುವವರು ಅದನ್ನು ಕೊನೆಯವರೆಗೂ ಓದಿರುತ್ತಾರಾ ಎಂಬ ಅನುಮಾನ ನನಗಿದೆ. ಅದು ಕತ್ತಲೆಯನ್ನು ಗೆಲ್ಲುವ ಪದ್ಯವೇ ಅಲ್ಲ. ದೀಪಾವಳಿಯ ಹಡಗುಗಳೇ ಈ ಕತ್ತಲಲ್ಲಿ ಕರಗಿಹೋಗಿವೆ, ನನ್ನ ಹಣತೆ ಶಾಶ್ವತವೆಂಬ ಭ್ರಾಂತಿ ನನಗಿಲ್ಲ ಎಂದು ಕವಿ ನೇರವಾಗಿ ಹೇಳಿಬಿಡುತ್ತಾರೆ. ಮತ್ತೆ ಯಾಕೆ ಹಚ್ಚುವುದು? ಇರುವಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಕ್ಕೆ. ವಾರ್ಡಿನ ಬಾಗಿಲ ಸಂದಿಯಿಂದ ನನಗೆ ಭಾವನ ಬೆನ್ನು, ಅದರಾಚೆ ಅಮ್ಮನ ಮುಖದ ಅರ್ಧ ಕಾಣುತ್ತಿತ್ತು. ಆ ಪದ್ಯ ಎಂಥ ಬಡತನದ ಪದ್ಯ, ಎಷ್ಟು ಕಡಿಮೆ ಕೇಳುತ್ತದೆ ಎಂದು ಆಗ ತಿಳಿಯಿತು. ತರಗತಿಯಲ್ಲಿ 'ಆಶಾವಾದ' ಎಂದು ಬರೆಸುತ್ತಿದ್ದೆ. ಇನ್ನು ಬರೆಸುವುದಿಲ್ಲ.

ಮಾತು ಬಂದದ್ದು ಆ ರಾತ್ರಿ ಅಲ್ಲ. ಕಥೆ ಹೇಳುವವರು ಹಾಗೆ ಹೇಳುತ್ತಿದ್ದಾರೆ, ಅದನ್ನು ಇಲ್ಲಿ ಸರಿಪಡಿಸುತ್ತೇನೆ. ಕೆಲವು ದಿನಗಳಾದ ಮೇಲೆ, ಮಧ್ಯಾಹ್ನ, ಆಯಾ ನೆಲ ಒರೆಸುತ್ತಿದ್ದಾಗ. ಭಾವ ಬಂದವರೇ ಅಭ್ಯಾಸದಂತೆ ತಮ್ಮ ಇಲಿಗಳನ್ನು ಹೊರಡಿಸಿದರು. 'ಅಣ್ಣಿಲಿ, ತಮ್ಮಿಲಿ, ಅವ್ವಿಲಿ, ಅಪ್ಪಿಲಿ' ಅಂದು ನೇರವಾಗಿ 'ಅಕ್ಕಿಲಿ'ಗೆ ಹಾರಿದರು. ಅಮ್ಮನ ಹುಬ್ಬು ಗಂಟಾಯಿತು. ಎಡಗೈ ಎತ್ತಿ ತಡೆದು, ಬಾಯಿ ಒಂದಷ್ಟು ಹೊತ್ತು ಒದ್ದಾಡಿ, ಸ್ಪಷ್ಟವಾಗಿ ಅಂದಳು: 'ಮಾವಿಲಿ. ಭಾವಿಲಿ.'

ಎರಡು ಇಲಿ ಬಿಟ್ಟುಹೋಗಿದ್ದವು. ಟೀಚರಿಗೆ ತಡೆಯಲಾಗಲಿಲ್ಲ.

ಆಯಾ ನಕ್ಕರು, ಭಾವ ಅತ್ತರು, ನಾನು ಎರಡನ್ನೂ ಮಾಡಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಹೆಸರೇ ಭಾವಿಲಿ. ಡಿಪೋದಲ್ಲೂ ಯಾರೋ ಹೇಳಿಬಿಟ್ಟಿದ್ದಾರಂತೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ಸ್ಪೀಚ್ ಥೆರಪಿಸ್ಟ್ ಮೇಡಂ ನಮ್ಮ ಉತ್ಸಾಹಕ್ಕೆ ಸ್ವಲ್ಪ ನೀರು ಹಾಕಿದರು, ಅದೂ ಬೇಕಿತ್ತು. ಬಾಯಿಪಾಠವಾದ ಪದ್ಯ, ಮಗ್ಗಿ, ವಾರದ ಹೆಸರು, ಹಾಡು ಇವು ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದಿರುತ್ತವೆ. ಪದ್ಯ ಬಂತು ಅಂದರೆ ಮಾತು ಬಂತು ಅಂತ ಅರ್ಥ ಅಲ್ಲ ಎಂದು ಬಿಡಿಸಿ ಹೇಳಿದರು. ಹಾಡಿನ ಧಾಟಿ ಹಿಡಿದು ಮಾತು ಕಲಿಸುವ ಕ್ರಮ 1970ರ ದಶಕದಿಂದಲೂ ಇದೆಯಂತೆ. ಅವರು ಹೇಳಿಕೊಟ್ಟದ್ದು ಸರಳ: ಸಾಲನ್ನು ಶುರು ಮಾಡಿ, ಕೊನೆಯ ಪದ ಬಿಟ್ಟು ಕಾಯಿರಿ. ಬಾಯಿಗೆ ಕೊಡಬೇಡಿ. ನಿಸಾರ್ ಅಹಮದರ 'ಜೋಗದ ಸಿರಿ' ಅಂದು ನಿಲ್ಲಿಸಿದರೆ ಅಮ್ಮ 'ಬೆಳಕಿನಲ್ಲಿ' ಅನ್ನುತ್ತಾಳೆ. ಆ 'ಬೆಳಕು' ಪದ್ಯದಿಂದ ಇಳಿದು ಕಿಟಕಿಯ ಹತ್ತಿರ ಬರಲು, ಅಂದರೆ ಪರದೆ ಸರಿಸು ಎಂದು ಹೇಳಲು ಉಪಯೋಗವಾಗಲು, ಬಹಳ ಕಾಲ ಹಿಡಿಯಿತು. ದಿನಾ ಬೆಳಿಗ್ಗೆ, ಬೇಸರವಾಗುವಷ್ಟು ಸಲ. ಕಾಯುವುದೇ ಕಷ್ಟ. ಅವಳು ಪದ ಹುಡುಕುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಕನ್ನಡ ಮೇಷ್ಟ್ರಿಗೆ ಬಹಳ ದೊಡ್ಡ ಶಿಕ್ಷೆ. ಇದರಲ್ಲೂ ಭಾವನೇ ಮುಂದು. ಟಿಕೆಟ್ ಕೇಳಿ, ಪ್ರಯಾಣಿಕರು ಜೇಬು ತಡಕುವವರೆಗೂ ನಿಂತು ಅಭ್ಯಾಸವಾದವರು.

ಉಳಿದವರಿಗೆ ಹೇಳಬೇಕಾದದ್ದು ಬೇಕಾದಷ್ಟಿದೆ, ಜಾಗ ಕಡಿಮೆ ಕೊಡುತ್ತಿದ್ದೇನೆ, ಕ್ಷಮಿಸಿ. ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ, ಡಾಕ್ಟರಿಗೆ, ಫಿಸಿಯೋಥೆರಪಿಯವರಿಗೆ, ನನ್ನ ಪಾಠಗಳನ್ನು ತಾವೇ ಹಂಚಿಕೊಂಡ ಸಹೋದ್ಯೋಗಿಗಳಿಗೆ (ಹಲಗೆಯ ಮೇಲಿನ ಬಸವಣ್ಣನವರ ವಚನ ನಿಮ್ಮ ಸಲುವಾಗಿಯೇ ಬರುತ್ತಿತ್ತು ಎಂದು ಈಗ ಗೊತ್ತಾಯಿತಲ್ಲ), ಹೇಳದೆ ಕೇಳದೆ ಖಾತೆಗೆ ದುಡ್ಡು ಹಾಕಿದವರಿಗೆ, ಗಂಜಿ ಮತ್ತು ಸಾರು ತಂದುಕೊಟ್ಟ ಎದುರುಮನೆಯವರಿಗೆ, 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರ್ ಸಮೇತ ಹೊತ್ತು ತಂದ ದೊಡ್ಡಪ್ಪನಿಗೆ, ಎಲ್ಲರಿಗೂ ನಮಸ್ಕಾರ. ಅಕ್ಕನಿಗೆ ಬೇರೆ ಹೇಳುವುದಿಲ್ಲ. ಮನೆ, ಮಕ್ಕಳು, ನನ್ನ ಮಗಳು ಎಲ್ಲವನ್ನೂ ಅವಳೇ ಹಿಡಿದು ನಿಲ್ಲಿಸಿದ್ದು. ಗಂಡನಿಗೆ ಇಷ್ಟುದ್ದ, ತನಗೆ ಇಷ್ಟೇನಾ ಎಂದು ಇದನ್ನು ಓದಿದ ತಕ್ಷಣ ಫೋನ್ ಮಾಡುತ್ತಾಳೆ, ಗೊತ್ತಿದೆ.

ಅಮ್ಮ ಮೊದಲಿನ ಹಾಗೆ ಆಗಿಲ್ಲ. ಈಗಲೂ ಸಂಜೆಯಾದರೆ ಪದಗಳು ಸುಸ್ತಾಗುತ್ತವೆ, ಸಿಟ್ಟು ಬರುತ್ತದೆ, ಕೆಲವು ದಿನ ಹಲಗೆಯ ಕಡೆ ನೋಡುವುದೇ ಇಲ್ಲ. ಹಲಗೆಗೆ ಆಯ್ದ ಸಾಲಿನ ಬಗ್ಗೆ ಕೇಳಿದಿರಿ ಕೆಲವರು. ಆ ತ್ರಿಪದಿ ಎಲ್ಲರಿಗೂ ಬರುತ್ತದೆ: ಬೆಳಗಾಗಿ ಎದ್ದು ಯಾರ್ಯಾರನ್ನು ನೆನೆಯಲಿ ಎಂದು ಕೇಳಿಕೊಂಡು, ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ಎದ್ದೊಂದು ಗಳಿಗೆ ನೆನೆಯುವುದು. ಪದ್ಯ ಹೇಳಿದವಳಿಗೆ ನೆನೆಯಲು ಒಬ್ಬಳಿದ್ದಳು, ಅಮ್ಮನಿಗೆ ಪಟ್ಟಿ ಉದ್ದ. ಅದಕ್ಕೇ 'ನಾನೆದ್ದು' ಅಂದು ಅಲ್ಲಿಗೇ ನಿಲ್ಲಿಸಿದಳೋ, ಕೈ ಸೋತಿತೋ, ನಾನು ಕೇಳಲಿಲ್ಲ.

ನೋಡಲು ಬರುವವರಿಗೆ ಎರಡು ಮಾತು. ಬೆಳಿಗ್ಗೆ ಬನ್ನಿ, ಹತ್ತರಿಂದ ಹನ್ನೆರಡರ ಒಳಗೆ. ಬಂದವರು ದಯವಿಟ್ಟು 'ನಾನ್ಯಾರು ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ. ಅವಳಿಗೆ ನೀವು ಯಾರೆಂದು ಗೊತ್ತಿರುತ್ತದೆ, ಹೆಸರು ನಾಲಿಗೆಗೆ ಬರುವುದಿಲ್ಲ, ಅಷ್ಟೇ. ನಿಮಗೆ ಬರುವ ಯಾವುದಾದರೂ ಪದ್ಯ ಶುರು ಮಾಡಿ, ಕೊನೆಯ ಪದ ಬಿಟ್ಟು ಸುಮ್ಮನಿರಿ. ವಾರದ ರಜೆ ಇದ್ದರೆ ಭಾವನೂ ಸಿಗುತ್ತಾರೆ, ಇಲಿಗಳ ಸಮೇತ. ಈಗಲೂ ತಪ್ಪು ಹೇಳುತ್ತಾರೆ. ನೀವು ತಿದ್ದಲು ಹೋಗಬೇಡಿ, ಅದು ಅಮ್ಮನ ಕೆಲಸ.