ಭಾನುವಾರ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಣಗಳ ಸಿಮ್ಯುಲೇಶನ್ ಓಡಿಸೋಕೆ ಭಾನುವಾರ ಬೆಳಿಗ್ಗೆ 10ಕ್ಕೆ ತುಮಕೂರಿನ ಬಿ.ಎಚ್. ರಸ್ತೆಯ ರೂಮಿನಲ್ಲೇ ಸೇರೋಣ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಕರೆಂಟ್ ನಂಬುವ ಹಾಗಿಲ್ಲ. ಪೈಥಾನ್ ಮೊದಲೇ ಹಾಕಿಕೊಂಡಿರಿ.

ಈ ಸಲ ಸೂಪರ್‌ಕಂಡಕ್ಟಿಂಗ್ ವೇಗವರ್ಧಕದಲ್ಲಿ ಪ್ರೋಟಾನ್ ಕಿರಣ ಹೇಗೆ ಓಡುತ್ತದೆ ಅನ್ನೋದರ ಸಿಮ್ಯುಲೇಶನ್, ಅಂದ್ರೆ ಕಂಪ್ಯೂಟರಿನಲ್ಲಿ ಅದರ ಅಣಕು ಓಟ. ಈ ವೇಗವರ್ಧಕ ಅಂದ್ರೆ ಕಣಗಳನ್ನು ತಳ್ಳಿ ವೇಗ ಹೆಚ್ಚಿಸುವ ಯಂತ್ರ; ಅದರ ಲೋಹದ ಭಾಗಗಳನ್ನು ತುಂಬಾ ತಣ್ಣಗಿಟ್ಟು ವಿದ್ಯುತ್ ಪ್ರತಿರೋಧ ಇಲ್ಲದಂತೆ (ಸೂಪರ್‌ಕಂಡಕ್ಟರ್) ಮಾಡಿರುತ್ತಾರೆ. ಕಿರಣ ಓಡೋದು ಗೊಂಚಲು ಗೊಂಚಲಾಗಿ, ಒಂದೊಂದು ಗೊಂಚಲಿನಲ್ಲೂ ಕೋಟಿಗಟ್ಟಲೆ ಪ್ರೋಟಾನ್. ಎಲ್ಲವನ್ನೂ ಲೆಕ್ಕ ಹಾಕಲು ಆಗಲ್ಲ, ಅದಕ್ಕೇ ಸಾವಿರಾರು ಪ್ರೋಟಾನ್‌ಗೆ ಒಂದರಂತೆ ಮ್ಯಾಕ್ರೋ ಕಣ ಇಡುತ್ತಾರೆ. ಶುರುವಿನಲ್ಲಿ ವೇಗ ಕಡಿಮೆ ಇರುವಾಗ ಪ್ರೋಟಾನ್‌ಗಳು ಒಂದನ್ನೊಂದು ಜಾಸ್ತಿ ತಳ್ಳುತ್ತವೆ. ಗೊಂಚಲು ಉಬ್ಬಿ, ಅಂಚಿನಲ್ಲಿ ತೆಳ್ಳಗೆ ಹೇಲೋ (ಸುತ್ತ ಚದುರಿದ ಕಣಗಳ ಪ್ರಭಾವಳಿ) ಬೆಳೆಯುತ್ತದೆ. ಆ ಕಣಗಳು ಕೊಳವೆಯ ಗೋಡೆಗೆ ಬಡಿದು ಕಳೆದುಹೋಗುತ್ತವೆ. ತಲೆನೋವು ಇದೇ. ಕಿರಣದ ನಷ್ಟ ಮೀಟರಿಗೆ 1 ವಾಟ್ ದಾಟಬಾರದು ಅನ್ನೋದು ರೂಢಿಯ ಮಿತಿ. ದಾಟಿದರೆ ವಿಕಿರಣ ಜಾಸ್ತಿಯಾಗಿ ರಿಪೇರಿಗೆ ಹತ್ತಿರ ಹೋಗೋದೇ ಕಷ್ಟ. ಜೊತೆಗೆ, 2 ಕೆಲ್ವಿನ್‌ನಲ್ಲಿ (ಸುಮಾರು -271 ಡಿಗ್ರಿ ಸೆಲ್ಸಿಯಸ್) ಇಟ್ಟ ಯಂತ್ರದೊಳಗಿನ ನಿಯೋಬಿಯಂ ಲೋಹ ಕಾದು 9.2 ಕೆಲ್ವಿನ್ ದಾಟಿದರೆ ಸೂಪರ್‌ಕಂಡಕ್ಟರ್ ಆಗಿ ಉಳಿಯಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿರುವ ಇಂಥದ್ದೇ ಯಂತ್ರದ ವಿನ್ಯಾಸ 5 ಮೆಗಾವಾಟ್ ಕಿರಣಕ್ಕೆ. ಅದರಲ್ಲಿ ಲಕ್ಷಕ್ಕೊಂದು ಪಾಲು ಒಂದೇ ಕಡೆ ಸೋರಿದರೂ 50 ವಾಟ್!

ಮ್ಯಾಕ್ರೋ ಕಣ ಕಡಿಮೆ ಇಟ್ಟರೆ ಹೇಲೋ ಸರಿಯಾಗಿ ಕಾಣಲ್ಲ, ಸುಮ್ನೆ ಚಿತ್ರ ಚೆಂದ ಬರುತ್ತದೆ ಅಷ್ಟೇ. ಹಾಗಾಗಿ ಮೊದಲು 1,000 ಕಣ, ಆಮೇಲೆ 1 ಲಕ್ಷ, ಎರಡನ್ನೂ ಓಡಿಸೋಣ.

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿ, ತಟ್ಟೆ ಇಡ್ಲಿಗೆ ಲೆಕ್ಕ ಕೊಡಬೇಕು.